ಕಂಬಂ ಕಣಿವೆಯ ಲಾರಿ ಸಾರಥಿ

ದಿಂಡಿಗಲ್ಲೆಂಬ ಹೆಸರು ಕನ್ನಡಿಗರಿಗೆ ಹೊಸತಲ್ಲ. ಮೈಸೂರಿನ ಸೇನೆಯಲ್ಲಿ ಮೇಲೇರುತ್ತಿದ್ದ ಹೈದರಾಲಿಯು 1755ರಲ್ಲಿ ಆ ಕೋಟೆಯ ಫೌಜುದಾರನಾಗಿ ಅಲ್ಲಿಂದಲೇ ತನ್ನ ಬಲವನ್ನು ಕೂಡಿಸಿಕೊಂಡನೆಂಬುದನ್ನೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಸುಲ್ತಾನನು ಕಳೆದುಕೊಂಡ ಸೀಮೆಗಳಲ್ಲಿ ದಿಂಡಿಗಲ್ಲೂ ಒಂದೆಂಬುದನ್ನೂ ನಮ್ಮ ವಾಚಕರು ಬಲ್ಲರು. ಆದರೆ ಆ ಕೋಟೆಯ ಬುಡದಿಂದ ಪಡುವಣಕ್ಕೆ ಹೊರಟು ಬತ್ತಲಗುಂಡು, ಪೆರಿಯಕುಳಂ, ತೇನಿ, ಚಿನ್ನಮನೂರು, ಉತ್ತಮಪಾಳ್ಯ, ಕಂಬಂ, ಗೂಡಲೂರುಗಳನ್ನು ದಾಟಿ ಕುಮಳಿಯ ಘಟ್ಟವನ್ನೇರುವ ಹೆದ್ದಾರಿಯ ಇಕ್ಕೆಲಗಳಲ್ಲಿಯೂ ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡು ಬಂದ ಸಾವಿರಾರು ಸಂಸಾರಗಳಿವೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಹೈದರನ ಕಾಲದ ದಂಡಿನೊಡನೆ ಬಂದವರೇ ಇವರೆಂದು ಕೆಲವರು ಊಹಿಸುವುದುಂಟು. ಅದು ಸರಿಯಲ್ಲ. ಇವರ ನೆಲಸಿಕೆ ಅದಕ್ಕಿಂತ ಬಹಳ ಹಳೆಯದೆಂದೇ ಇವರ ಮನೆಮನೆಯ ಐತಿಹ್ಯವು ಸಾರುತ್ತದೆ.

1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿಯು ಬರೆದ ಮಧುರೆ ಜಿಲ್ಲೆಯ ಗ್ಯಾಸೆಟಿಯರಿನಲ್ಲಿಯೂ, 1909ರಲ್ಲಿ ಹೊರಬಂದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಕಪ್ಪಿಲಿಯರು, ಅನುಪ್ಪರು ಎಂಬ ಕನ್ನಡ ಮಾತಿನ ಒಕ್ಕಲು ಜನರ ಪ್ರಸ್ತಾಪವಿದೆ. ಇವರಲ್ಲದೆ ಮಗ್ಗದ ಕಸುಬಿನ ದೇವಾಂಗರಲ್ಲಿಯೂ ಕನ್ನಡದ ಮನೆತನಗಳುಂಟು. ಕಂಬಂ ಪಟ್ಟಣದಲ್ಲಿ ನಂದಗೋಪಾಲನ ಹೆಸರಿನಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡದೊಂದು ಹಿಂಡಿದೆ. ಅದರ ದೊಡ್ಡಿಯೇ ದೇವಸ್ಥಾನ, ಹಿಂಡಿಗೊಂದು ಪಟ್ಟದ ಹೋರಿ. ಸಂಕ್ರಾಂತಿಯ ಮರುದಿನ, ತಮಿಳರ ಮಾಟ್ಟುಪ್ಪೊಂಗಲಿನಂದು, ಅಲ್ಲಿ ನೆರೆಯುವ ಜನರಿಗೆ ಲೆಕ್ಕವಿಲ್ಲ. ದನಗಳನ್ನು ಹೊಡೆದುಕೊಂಡು ಉತ್ತರದಿಂದ ಬಂದೆವೆಂಬ ಕತೆಯನ್ನು ಮರೆಯದ ಜನರಿಗೆ ಇದು ತಕ್ಕುದೇ ಆಗಿದೆ.

ಪ್ರಕೃತ ನಾವು ಬರೆಯಹೊರಟಿರುವುದು ದನಗಳ ವಿಷಯವಲ್ಲ. ಎತ್ತನ್ನು ಹೊಡೆದ ಕೈಗಳು ಮುಂದೆ ಲಾರಿಯ ಚಕ್ರವನ್ನು ಹಿಡಿದ ವಿಷಯ. ಈ ಕಣಿವೆಯಲ್ಲಿ ಲಾರಿಯ ಡ್ರೈವರನಿಲ್ಲದ ಬೀದಿ ಅಪೂರ್ವ. ತಮಿಳರು, ತೆಲುಗರು, ಕನ್ನಡಿಗರು ಎಲ್ಲರೂ ಆ ಕಸುಬಿನಲ್ಲಿ ಬೆರೆತು ದುಡಿದವರೇ. ನಮ್ಮ ನಾಡಿನಲ್ಲಿ 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿ ಸಾವಿರಾರು ವಾಹನಗಳ ಒಡೆಯರಾದ ಗದಗಿನ ವಿಜಯ ಸಂಕೇಶ್ವರರ ಚರಿತ್ರೆಯು ಪುಸ್ತಕವಾಯಿತು, ಚಲನಚಿತ್ರವೂ ಆಯಿತು. ಅದು ಸಂತೋಷವೇ. ಆದರೆ ಲಾರಿಯನ್ನು ಕೊಂಡವರ ಚರಿತ್ರೆಯಿರುವಂತೆ ಓಡಿಸಿದವರ ಚರಿತ್ರೆಯಿಲ್ಲ. ಮೂವತ್ತು ನಲವತ್ತು ವರ್ಷ ರಾತ್ರಿಯೆಲ್ಲ ಕಣ್ಣುಬಿಟ್ಟು ಅಕ್ಕಿಯನ್ನೂ ತರಕಾರಿಯನ್ನೂ ಪರರ ಮನೆಗೆ ತಲಪಿಸಿ, ಆ ದುಡ್ಡಿನಲ್ಲಿ ಹೆಂಡತಿ ಮಕ್ಕಳನ್ನು ಸಾಕಿದವನ ಹೆಸರು ಅವನ ಬೀದಿಯಾಚೆಗೆ ಹೋಗುವುದಿಲ್ಲ. ಆದುದರಿಂದ ಇಲ್ಲಿ ನಾವು ಬರೆಯುತ್ತಿರುವುದು ಯಾವನೊಬ್ಬನ ಚರಿತ್ರೆಯೂ ಅಲ್ಲ. ಆ ದಾರಿಯಲ್ಲಿ ಸವೆದ ಒಂದು ತಲೆಮಾರಿನ ಬದುಕು. ಹೆಸರನ್ನು ಹುಡುಕಬೇಕಾಗಿಲ್ಲ.

ಮೊದಲು ದಾರಿಯ ಮಾತು. ತಿರುಚಿರಾಪಳ್ಳಿಯಿಂದ ಮಧುರೆಗೆ ರೈಲು ಬಂದದ್ದು 1875ರಲ್ಲಿ. ಅದು ಕಣಿವೆಯೊಳಕ್ಕೆ ಹೋಗಲಿಲ್ಲ; ದಿಂಡಿಗಲ್ಲಿನಿಂದ ತೆಂಕಣಕ್ಕೆ ಅಮ್ಮಯನಾಯಕ್ಕನೂರಿನ ಮೇಲೆ ಹಾಯ್ದುಹೋಯಿತು. ಈಗ ಆ ನಿಲ್ದಾಣಕ್ಕೆ ಕೊಡೈಕೆನಾಲ್ ರೋಡೆಂದು ಹೆಸರು. ಕಣಿವೆಗೆ ಬೇಕಾದುದೆಲ್ಲವೂ ಅಲ್ಲಿಂದ ಎತ್ತಿನ ಬಂಡಿಯಲ್ಲಿಯೇ ಹೋಗಬೇಕಾಗಿತ್ತು. ಪೆನ್ನಿಕ್ವಿಕ್ ಎಂಬ ಇಂಜಿನಿಯರನು ಪೆರಿಯಾರಿಗೆ ಅಡ್ಡಲಾಗಿ ಕಟ್ಟಿಸಿದ ಅಣೆಕಟ್ಟು 1895ರಲ್ಲಿ ಮುಗಿಯಿತಷ್ಟೆ. ಅದಕ್ಕೆ ಬೇಕಾದ ಸಾಮಗ್ರಿಯು ಘಟ್ಟದ ಬುಡವನ್ನು ಮುಟ್ಟಿದುದು ಬಂಡಿಗಳ ಸಾಲಿನಲ್ಲಿ. ಪಡುವಣಕ್ಕೆ ಹರಿಯುತ್ತಿದ್ದ ನೀರನ್ನು ಬೆಟ್ಟವನ್ನು ಕೊರೆದು ಮೂಡಣಕ್ಕೆ ತಿರುಗಿಸಿದ ಆ ಕಟ್ಟಡವೇ ಕಂಬಂ ಕಣಿವೆಯನ್ನು ಎರಡು ಬೆಳೆಯ ಭತ್ತದ ನಾಡನ್ನಾಗಿ ಮಾಡಿತು. ಆ ಇಂಜಿನಿಯರನ ಸ್ಮಾರಕವು 2013ರಲ್ಲಿ ಘಟ್ಟದ ಬುಡದ ಲೋವರ್ ಕ್ಯಾಂಪಿನಲ್ಲಿ ಎದ್ದಿತು. ಕಣಿವೆಯಲ್ಲಿ ಮಕ್ಕಳಿಗೆ ಅವನ ಹೆಸರಿಡುವವರೂ ಉಂಟು. ಬಂಡಿ ಹೊಡೆದವರಿಗೆ ಸ್ಮಾರಕವಿರುವುದನ್ನು ನಾವು ಕಾಣೆವು.

ಬೋಡಿನಾಯಕನೂರಿನ ಕಡೆಯ ಕತೆ ಇನ್ನೂ ಸ್ವಾರಸ್ಯದ್ದು. ಮುನ್ನಾರಿನ ಚಹಾವನ್ನು ಬೆಟ್ಟದ ತುದಿಗೆ ಸಾಗಿಸಲು 1902ರಲ್ಲಿ ಒಂದೇ ಹಳಿಯ ಗಾಡಿಯನ್ನೂ, 1908ರಲ್ಲಿ ಅದರ ಬದಲು ಸಣ್ಣ ರೈಲನ್ನೂ ಮಾಡಿಕೊಂಡಿದ್ದರು. ತುದಿಯಿಂದ ಪೆಟ್ಟಿಗೆಗಳು ತಂತಿಯ ಹಗ್ಗಕ್ಕೆ ಜೋತುಬಿದ್ದು ಕೊಟ್ಟಗುಡಿಗೆ ಇಳಿಯುತ್ತಿದ್ದುವು. ಅಲ್ಲಿಂದ ಬೋಡಿಗೆ ಮತ್ತೆ ನಮ್ಮ ಎತ್ತಿನ ಬಂಡಿಯೇ! 1924ರ ಮಹಾಪ್ರವಾಹವು ಆ ಬೆಟ್ಟದ ರೈಲನ್ನು ಗುರುತಿಲ್ಲದಂತೆ ಕೊಚ್ಚಿಹಾಕಿತು. 1928ರಲ್ಲಿ ಮಧುರೆಯಿಂದ ಬೋಡಿಯವರೆಗೆ ರೈಲು ಬಂದರೂ, ಎರಡನೆಯ ಮಹಾಯುದ್ಧದಲ್ಲಿ ಸರಕಾರವು ಅದರ ಹಳಿಗಳನ್ನು ಕಿತ್ತುಕೊಂಡು ಹೋಯಿತು. ಮತ್ತೆ ಹಳಿ ಹಾಕಿದುದು 1950ರ ದಶಕದಲ್ಲಿ. ಅಷ್ಟರೊಳಗೆ ಕಣಿವೆಯ ಸರಕು ರಸ್ತೆಯನ್ನು ಹಿಡಿದಾಗಿತ್ತು.

ಮೋಟಾರಿನ ಆಗಮನಕ್ಕೆ ಮಧುರೆಯೇ ಮೂಲ. ಟಿ. ವಿ. ಸುಂದರಂ ಅಯ್ಯಂಗಾರರು ಅಲ್ಲಿ 1912ರ ಸುಮಾರಿಗೆ ಬಸ್ಸಿನ ಸಾರಿಗೆಯನ್ನು ಆರಂಭಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದೆ ಹೋದಾಗ ಇದ್ದಿಲನ್ನು ಸುಟ್ಟು ಅದರ ಅನಿಲದಿಂದ ಮೋಟಾರು ಓಡಿಸಿದ ಕಾಲವನ್ನು ನಮ್ಮ ಕರಾವಳಿಯ ಹಿರಿಯರಂತೆ ಅಲ್ಲಿಯ ಹಿರಿಯರೂ ಹೇಳುತ್ತಿದ್ದರು. ಸ್ವಾತಂತ್ರ್ಯದ ಬಳಿಕ 1948ರಲ್ಲಿ ಮದರಾಸಿನಲ್ಲಿ ಅಶೋಕ್ ಮೋಟಾರ್ಸ್ ಹುಟ್ಟಿ, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಜರ್ಮನಿಯ ಬೆಂಜ್ ಕಂಪೆನಿಯ ಸಹಯೋಗದಿಂದ ಟಾಟಾ ಲಾರಿಗಳು 1954ರಿಂದ ಹೊರಬಂದುವು. 1969ರಲ್ಲಿ ಆ ಸಹಯೋಗವು ಮುಗಿದ ಮೇಲೂ ಹಳ್ಳಿಗರ ಬಾಯಲ್ಲಿ ಅದು ಬಹುಕಾಲ ಬೆಂಜ್ ಲಾರಿಯಾಗಿಯೇ ಉಳಿಯಿತು. ನಾವು ಹೇಳುವ ತಲೆಮಾರು ಈ ಎರಡು ಬಗೆಯ ಲಾರಿಗಳ ತಲೆಮಾರು.

ಹುಡುಗನು ಮೊದಲು ಕ್ಲೀನರನಾಗುವನು. ಶಾಲೆಯನ್ನು ಐದಕ್ಕೋ ಎಂಟಕ್ಕೋ ಬಿಟ್ಟವನು. ಟಾರ್ಪಾಲು ಹೊದಿಸಿ ಹಗ್ಗ ಬಿಗಿಯುವುದು, ರೇಡಿಯೇಟರಿಗೆ ನೀರು ಹೊಯ್ಯುವುದು, ಟಯರನ್ನು ಕಬ್ಬಿಣದ ಸರಳಿನಿಂದ ತಟ್ಟಿ ಗಾಳಿಯ ಹದವನ್ನು ಸದ್ದಿನಿಂದಲೇ ತಿಳಿಯುವುದು, ಇವು ಅವನ ಮೊದಲ ಪಾಠಗಳು. ಎಲ್ಲಕ್ಕಿಂತ ದೊಡ್ಡ ಪಾಠ ಘಟ್ಟದಲ್ಲಿ. ಏರಿನ ತಿರುವಿನಲ್ಲಿ ಲಾರಿ ಉಸಿರುಗಟ್ಟಿ ನಿಂತೊಡನೆ ಅವನು ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಮರದ ತುಂಡನ್ನು ಕೊಡಬೇಕು. ಒಂದು ಗಳಿಗೆ ತಡವಾದರೆ ಎಂಟು ಹತ್ತು ಟನ್ನಿನ ಭಾರವೂ ಡ್ರೈವರನ ಪ್ರಾಣವೂ ಹಿಂದಕ್ಕೆ ಜಾರುತ್ತವೆ. ಇಂತಹ ಹುಡುಗನೇ ಕೆಲವು ವರ್ಷಗಳ ಮೇಲೆ, ನಸುಕಿನಲ್ಲಿ ದಾರಿ ಬರಿದಾಗಿರುವಾಗ, ಗುರುವಿನ ಅಪ್ಪಣೆಯಿಂದ ಚಕ್ರವನ್ನು ಹಿಡಿಯುವನು. ಗುರುವೆಂದೇ ಹೇಳಬೇಕು, ಬೇರೆ ವಿದ್ಯಾಶಾಲೆ ಅವನಿಗಿರಲಿಲ್ಲ.

ಈ ಸೀಮೆಯಲ್ಲಿ ಮೇಲೇರುವ ದಾರಿಗಳು ಮುಖ್ಯವಾಗಿ ಮೂರು: ಗೂಡಲೂರಿನಿಂದ ಕುಮಳಿಗೆ, ಕಂಬಂನಿಂದ ಕಂಬಂಮೆಟ್ಟಿಗೆ, ಬೋಡಿಯಿಂದ ಬೋಡಿಮೆಟ್ಟಿಗೆ. ಬೋಡಿಮೆಟ್ಟಿನ ದಾರಿಯಲ್ಲಿ ಕೂದಲ ಪಿನ್ನಿನಂತೆ ಮಡಿದ ತಿರುವುಗಳೇ 17. ಹಿಂದೆ 49 ಎಂಬ ಸಂಖ್ಯೆಯಿಂದ ಕೊಚ್ಚಿಯಿಂದ ಧನುಷ್ಕೋಟಿಗೆ ಹೋಗುತ್ತಿದ್ದ ಹೆದ್ದಾರಿಯ ಈ ಭಾಗಕ್ಕೆ ಈಗ 85 ಎಂಬ ಸಂಖ್ಯೆ. ಹತ್ತುವುದು ಲಾರಿಗೆ ಕಷ್ಟ, ಇಳಿಯುವುದು ಮನುಷ್ಯನಿಗೆ ಕಷ್ಟ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಇಳಿದರೆ ಬ್ರೇಕಿನ ಡ್ರಮ್ಮು ಕಾದು ಕೆಂಪಾಗಿ, ಕೊನೆಯ ತಿರುವುಗಳಲ್ಲಿ ತುಳಿದರೂ ಹಿಡಿಯದು. ಅದಕ್ಕೆಂದೇ ಹಳಬರ ಕಟ್ಟಳೆ: ಯಾವ ಗೇರಿನಲ್ಲಿ ಏರಿದೆಯೋ ಅದೇ ಗೇರಿನಲ್ಲಿ ಇಳಿ, ಇಂಜಿನ್ನೇ ಲಾರಿಯನ್ನು ಹಿಡಿದುಕೊಳ್ಳಲಿ. ಏರುವವನಿಗೆ ಇಳಿಯುವವನು ದಾರಿ ಬಿಡಬೇಕೆಂಬುದು ಮತ್ತೊಂದು. ಮಳೆಗಾಲದಲ್ಲಿ ಮಂಜು ಕವಿದು ಹತ್ತು ಮಾರು ದೂರ ಕಾಣದಾಗ ಕ್ಲೀನರನು ಮುಂದೆ ನಡೆದು ದಾರಿ ತೋರುವುದೂ ಉಂಟು. ಈ ಘಟ್ಟಗಳು ಇಂದಿಗೂ ಪಳಗಿದವಲ್ಲ. 2022ರ ಡಿಸೆಂಬರಿನಲ್ಲಿ ಶಬರಿಮಲೆಯಿಂದ ಮರಳುತ್ತಿದ್ದ ಯಾತ್ರಿಕರ ವಾಹನವೊಂದು ಕುಮಳಿಯ ಕೆಳಗೆ ಕಂದಕಕ್ಕುರುಳಿ 8 ಮಂದಿ ಮಡಿದರು. ಅವರು ತೇನಿ ಜಿಲ್ಲೆಯವರೇ.

ಇನ್ನು ಕೋಣೆಯೊಳಗಿನ ಸ್ಥಿತಿ. ಇಂಜಿನ್ನಿನ ಝಳವು ಮೊಣಕಾಲಿಗೆ ಬಡಿಯುತ್ತಿತ್ತು. ಚಕ್ರವನ್ನು ತಿರುಗಿಸಲು ಭುಜದ ಬಲವೆಲ್ಲ ಬೇಕಾಗುತ್ತಿತ್ತು. ಇಂದಿನಂತೆ ಎರಡು ಬೆರಳಿನಿಂದ ತಿರುಗುವ ಚಕ್ರ ಅದಲ್ಲ. 1 ಅಕ್ಟೋಬರ್ 2025ರಿಂದ ತಯಾರಾಗುವ ಸರಕು ಲಾರಿಗಳ ಕೋಣೆಗೆ ತಂಪಿನ ಯಂತ್ರವಿರಬೇಕೆಂದು ಸರಕಾರವು ವಿಧಿಸಿದೆ. ಒಳ್ಳೆಯದು, ಎಪ್ಪತ್ತು ವರ್ಷ ತಡವಾಯಿತೆಂದು ಮಾತ್ರ ಹೇಳಬಹುದು.

ಮೇಲಕ್ಕೆ ಹೋಗುತ್ತಿದ್ದುದೇನು, ಕೆಳಕ್ಕೆ ಬರುತ್ತಿದ್ದುದೇನು? ಕಣಿವೆಯ ಅಕ್ಕಿ, ಬಾಳೆ, ದ್ರಾಕ್ಷಿ, ಒಟ್ಟನ್‌ಛತ್ರದ ಪೇಟೆಯ ತರಕಾರಿ, ಪೆರಿಯಕುಳದ ಮಾವು, ದಿಂಡಿಗಲ್ಲಿನ ಬೀಗ, ಬೈಹುಲ್ಲು ಇವೆಲ್ಲ ಮಲೆಯಾಳಕ್ಕೆ. ಅಲ್ಲಿಂದ ಚಹಾ, ಕಾಳುಮೆಣಸು, ಮರ, ಮುಖ್ಯವಾಗಿ ಏಲಕ್ಕಿ. ಏಲಕ್ಕಿ ಬೆಳೆಯುವುದು ಕೇರಳದ ಮಲೆಯಲ್ಲಿ, ಅದರ ವ್ಯಾಪಾರ ಬೋಡಿನಾಯಕನೂರಿನಲ್ಲಿ. ಕಂಬಂನ ಪನ್ನೀರು ದ್ರಾಕ್ಷಿಗೆ 2023ರಲ್ಲಿಯೂ ದಿಂಡಿಗಲ್ಲಿನ ಬೀಗಕ್ಕೆ 2019ರಲ್ಲಿಯೂ ಊರಹೆಸರಿನ ಸರಕಾರೀ ಮುದ್ರೆ ದೊರೆಯಿತು. ತರಕಾರಿಯ ಲಾರಿಗೆ ನಿದ್ದೆಯೆಂಬುದಿಲ್ಲ. ಸಂಜೆ ತುಂಬಿದ ಟೊಮೇಟೊ ಮರುಬೆಳಗು ಕೋಟ್ಟಯದ ಪೇಟೆಯಲ್ಲಿರಬೇಕು. ಬಿಸಿಲೇರಿದರೆ ಬೆಲೆಯಿಳಿಯುವುದು, ಬೆಲೆಯಿಳಿದರೆ ಬೈಗುಳವು ಡ್ರೈವರನಿಗೆ.

ಇಲ್ಲಿ ಒಂದು ತೇದಿಯನ್ನು ನಮ್ಮ ವಾಚಕರು ಬೇಗನೆ ಗುರುತಿಸುವರು: 1 ನವೆಂಬರ್ 1956. ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ದಿನವದು. ಅದೇ ದಿನ, ತಮಿಳರು ತಮಗೆ ಬೇಕೆಂದು ಹೋರಾಡಿದ್ದ ದೇವಿಕುಳಂ, ಪೀರ್ಮೇಡು ತಾಲೂಕುಗಳೂ ಕೇರಳದಲ್ಲಿಯೇ ಉಳಿದುವು. ನಮ್ಮಲ್ಲಿ ಆ ಗೆರೆಯಿಂದ ಶಾಲೆಯ ಪ್ರಶ್ನೆ ಎದ್ದಿತು, ಕಚೇರಿಯ ಭಾಷೆಯ ಪ್ರಶ್ನೆ ಎದ್ದಿತು. ಕಂಬಂ ಕಣಿವೆಯ ಡ್ರೈವರನಿಗೆ ಆ ಗೆರೆಯು ಒಂದು ಅಡ್ಡಗಂಬವಾಗಿ ಕಂಡಿತು. ಘಟ್ಟದ ಕೆಳಗೊಂದು ರಾಜ್ಯ, ಮೇಲೊಂದು ರಾಜ್ಯ. ಎರಡಕ್ಕೂ ಪರವಾನಗಿ, ಎರಡಕ್ಕೂ ತೆರಿಗೆ, ಎರಡು ಕಡೆಯೂ ತಪಾಸಣೆ. ದೇಶಕ್ಕೆಲ್ಲ ಒಂದೇ ಪರವಾನಗಿಯೆಂಬ ಏರ್ಪಾಡು ಬಂದದ್ದು 1975ರಲ್ಲಿ. ಮಾರಾಟ ತೆರಿಗೆಯ ಕಟ್ಟೆಗಳು ಎದ್ದುಹೋದುದು 2017ರ ಜುಲೈಯಲ್ಲಿ ಹೊಸ ತೆರಿಗೆ ಪದ್ಧತಿ ಬಂದ ಬಳಿಕ. ನಡುವಣ ಅರುವತ್ತು ವರ್ಷ ಆ ಸಾಲಿನಲ್ಲಿ ನಿಂತು ಕಳೆದ ರಾತ್ರಿಗಳನ್ನು ಯಾರೂ ಎಣಿಸಿಲ್ಲ.

ಕೂಲಿಯ ವಿಷಯಕ್ಕೆ ಬಂದರೆ, ತಿಂಗಳಿಗಿಷ್ಟು ಸಂಬಳ, ಪ್ರಯಾಣಕ್ಕಿಷ್ಟು ಬೇಟಾ ಎಂಬುದು ವಾಡಿಕೆ. ಸಂಸಾರ ನಡೆಯುತ್ತಿದ್ದುದು ಬೇಟಾದ ಮೇಲೆ. ಲಾರಿ ನಿಂತರೆ ಬೇಟಾ ಇಲ್ಲ. ಆದುದರಿಂದ ಲಾರಿ ನಿಲ್ಲಬಾರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾನೂನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯೆಂದು ದುಡಿಮೆಗೆ ಮಿತಿ ಹಾಕಿತು. ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತು. ಓದುವುದಕ್ಕೆ ಬಹಳ ಚೆನ್ನಾಗಿದೆ. ಆದರೆ ಐದು ಮಂದಿಗಿಂತ ಕಡಿಮೆ ಕೆಲಸಗಾರರಿರುವಲ್ಲಿ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಕಣಿವೆಯ ಲಾರಿಗಳಲ್ಲಿ ಬಹುಪಾಲು ಒಂಟಿ ಲಾರಿಗಳು, ಒಬ್ಬ ಧಣಿ, ಒಬ್ಬ ಡ್ರೈವರು, ಒಬ್ಬ ಕ್ಲೀನರು. ಹೀಗೆ ಯಾರಿಗಾಗಿ ಕಾನೂನು ಹೆಚ್ಚು ಅಗತ್ಯವೋ ಅವರ ಬಾಗಿಲಿಗೆ ಅದು ಬರಲೇ ಇಲ್ಲ. ಈ ಸ್ಥಿತಿಯಿಂದ ಪಾರಾಗಲು ಕೆಲವರು ತಾವೇ ಲಾರಿ ಕೊಳ್ಳುವ ಸಾಹಸಕ್ಕೆ ಇಳಿದರು. ಹೆಂಡತಿಯ ಕೊರಳಿನದು ಅಡವಿಗೆ ಹೋಯಿತು, ಉಳಿದುದಕ್ಕೆ ಕಂತಿನ ಸಾಲ. ನಾಮಕ್ಕಲ್ಲಿನಲ್ಲಿ ಲಾರಿಗೆ ಮೈ ಕಟ್ಟಿಸಿ, ಮುಂಭಾಗದ ಹಲಗೆಯ ಮೇಲೆ ಮಕ್ಕಳ ಹೆಸರು ಬರೆಯಿಸಿ ತಂದರು. ಕಂತು ತೀರುವ ತನಕ ಆ ಲಾರಿ ಸಾಲ ಕೊಟ್ಟವನದು. ತೀರಿದ ಬಳಿಕ ರಿಪೇರಿಯವನದು. ದಡ ಸೇರಿದವರೂ ಇದ್ದಾರೆ, ಮತ್ತೆ ಪರರ ಲಾರಿಯನ್ನೇ ಹತ್ತಿದವರೂ ಇದ್ದಾರೆ.

ಡ್ರೈವರುಗಳ ವಿಷಯದಲ್ಲಿ ನಾಡಿನಲ್ಲಿ ಒಳ್ಳೆಯ ಮಾತು ಕಡಿಮೆ. ಕುಡುಕರೆಂದೂ ಮನೆಯ ನೆನಪಿಲ್ಲದವರೆಂದೂ ಆಡಿಕೊಳ್ಳುವುದು ಸುಲಭ. ಅಂತಹವರಿಲ್ಲವೆಂದು ನಾವು ಹೇಳುವುದಿಲ್ಲ. ಯಾವ ಕಸುಬಿನಲ್ಲಿ ಇಲ್ಲ? ಆದರೆ ಹತ್ತು ದಿನದ ದಾರಿಯಲ್ಲಿ ಎರಡು ಹೊತ್ತು ತಾನೇ ಸ್ಟೌ ಹೊತ್ತಿಸಿ ಅನ್ನ ಬೇಯಿಸಿಕೊಂಡು, ಹೋಟೆಲಿನ ದುಡ್ಡನ್ನು ಉಳಿಸಿ ಮಗಳ ಶಾಲೆಯ ಫೀಜಿಗೆ ತಂದವರ ಸಂಖ್ಯೆಯೇ ಹೆಚ್ಚು. ಮನೆಯಲ್ಲಿದ್ದ ಗೃಹಿಣಿಯೂ ಸುಮ್ಮನೆ ಕುಳಿತವಳಲ್ಲ. ಬೋಡಿಯ ಗೋದಾಮುಗಳಲ್ಲಿ ಏಲಕ್ಕಿಯನ್ನು ಗಾತ್ರ ಬಣ್ಣ ನೋಡಿ ಆರಿಸುವ ಕೆಲಸ ಹೆಂಗಸರದು. ಕಂಬಂ, ಬೋಡಿಗಳಿಂದ ನಸುಕಿನಲ್ಲಿ ಜೀಪು ತುಂಬ ಹೆಂಗಸರು ಘಟ್ಟವನ್ನೇರಿ ಕೇರಳದ ತೋಟಗಳಲ್ಲಿ ದುಡಿದು ಸಂಜೆಗೆ ಮರಳುವುದೂ ನಿತ್ಯದ ನೋಟ. ಗಂಡನು ರಾತ್ರಿ ಇಳಿದ ಘಟ್ಟವನ್ನು ಹೆಂಡತಿಯು ಬೆಳಿಗ್ಗೆ ಹತ್ತಿದ ದಿನಗಳೂ ಇದ್ದಿರಬೇಕು. ಟೆಲಿಫೋನಿಲ್ಲದ ಕಾಲದಲ್ಲಿ ಸುದ್ದಿಯು ಇನ್ನೊಬ್ಬ ಡ್ರೈವರನ ಬಾಯಲ್ಲಿ ಬರುತ್ತಿತ್ತು: ಪಾಲ್ಘಾಟಿನಲ್ಲಿ ಕಂಡೆ, ಚೆನ್ನಾಗಿದ್ದಾನೆ, ಲೋಡಿಗಾಗಿ ಕಾಯುತ್ತಿದ್ದಾನೆ. ಅಷ್ಟು ಸಾಕಾಗುತ್ತಿತ್ತು, ಸಾಕೆಂದುಕೊಳ್ಳಬೇಕಾಗಿತ್ತು.

ಈ ಮನೆಗಳಲ್ಲಿ ಕನ್ನಡವು ಉಳಿದ ಬಗೆಯು ವಿಚಾರಾರ್ಹವಾಗಿದೆ. ನಮ್ಮ ಮಕ್ಕಳಿಗೆ ಕನ್ನಡ ಶಾಲೆಯಿದೆ, ಅದಕ್ಕಾಗಿ ನಾವು ಕಾದಾಡುತ್ತ ಬಂದಿದ್ದೇವೆ. ಅಲ್ಲಿಯ ಮಕ್ಕಳ ಓದು ತಮಿಳಿನಲ್ಲಿ. ಡ್ರೈವರನು ಪೇಟೆಯಲ್ಲಿ ತಮಿಳನ್ನೂ, ಕುಮಳಿಯಾಚೆ ಮಲೆಯಾಳವನ್ನೂ, ಉತ್ತರಕ್ಕೆ ಹೋದರೆ ಅಷ್ಟಿಷ್ಟು ಹಿಂದಿಯನ್ನೂ ಆಡುವನು. ಕನ್ನಡವನ್ನು ಆಡುವುದು ಮನೆಯ ಹೊಸ್ತಿಲೊಳಗೆ ಮಾತ್ರ. ಲಿಪಿಯಿಲ್ಲದೆ, ಪತ್ರಿಕೆಯಿಲ್ಲದೆ, ಪುಸ್ತಕವಿಲ್ಲದೆ, ಅವ್ವನಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಆ ನುಡಿಯು ಶತಮಾನಗಳನ್ನು ದಾಟಿ ಬಂದಿತು. ತಮಿಳಿನ ನೆರಳು ಅದರ ಮೇಲೆ ಗಾಢವಾಗಿ ಬಿದ್ದಿದೆ, ನಿಜ. ನಮ್ಮ ಪಂಡಿತರು ಕೇಳಿದರೆ ಮೂಗು ಮುರಿಯಬಹುದು. ಆದರೆ ತಿಂಗಳಲ್ಲಿ ನಾಲ್ಕು ರಾತ್ರಿ ಮನೆಯಲ್ಲಿ ಮಲಗುವ ತಂದೆಯು ಮಕ್ಕಳನ್ನು ಕರೆದು ಆಡುವ ಮಾತು ಅದು.

ಗಡಿಯ ಜಗಳಗಳಲ್ಲಿ ಮೊದಲು ಪೆಟ್ಟು ತಿನ್ನುವವನೂ ಇವನೇ. 2011ರ ಡಿಸೆಂಬರಿನಲ್ಲಿ ಮುಲ್ಲಪೆರಿಯಾರು ಅಣೆಕಟ್ಟಿನ ವಿವಾದವು ಭುಗಿಲೆದ್ದಾಗ ಕುಮಳಿಯ ದಾರಿಯು ದಿನಗಟ್ಟಲೆ ಮುಚ್ಚಿಹೋಯಿತು. ಕೆಳಗೆ ಜನ ಸಾವಿರಗಟ್ಟಲೆ ಬೀದಿಗಿಳಿದರು, ಮೇಲಿನ ತೋಟಗಳಿಂದ ತಮಿಳು ಕೂಲಿಗಳು ಭಯದಿಂದ ಇಳಿದು ಬಂದರು, ಕಲ್ಲೆಸೆತಗಳಾದುವು. ತರಕಾರಿ ಕೊಳೆಯಿತು, ಲಾರಿಗಳು ನಿಂತವು. ನೀರಿನ ನ್ಯಾಯಾನ್ಯಾಯವನ್ನು ನ್ಯಾಯಾಲಯವು ನೋಡಿಕೊಂಡಿತು; ನಿಂತ ಲಾರಿಯ ಬೇಟಾವನ್ನು ನೋಡಿಕೊಂಡವರಾರು? 2020ರಲ್ಲಿ ಕೊರೋನಾ ಕಾಲದಲ್ಲಿ ಅದೇ ಗಡಿಯು ಮತ್ತೆ ಮುಚ್ಚಿತು. ತಲಪಾಡಿಯಲ್ಲಿ ಮಣ್ಣು ಸುರಿದು ದಾರಿ ಕಟ್ಟಿದ ಆ ದಿನಗಳನ್ನು ಕಂಡ ನಮಗೆ ಕುಮಳಿಯ ಸ್ಥಿತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಆಗಲೂ ಅಕ್ಕಿ ತರಕಾರಿಯ ಲಾರಿಗಳನ್ನು ಬಿಟ್ಟರು. ಊರೆಲ್ಲ ಬಾಗಿಲು ಹಾಕಿ ಕುಳಿತಿದ್ದಾಗ ಡ್ರೈವರನು ಮಾತ್ರ ಊರಿಂದೂರಿಗೆ ಹೋಗುತ್ತಿದ್ದನು, ಎಲ್ಲಿಯೂ ಅವನನ್ನು ಹತ್ತಿರ ಕುಳ್ಳಿರಿಸಿಕೊಳ್ಳುವವರಿರಲಿಲ್ಲ.

ಕಣಿವೆಯು ಈಗ ಬದಲಾಗಿದೆ. 1985ರಲ್ಲಿ ದಿಂಡಿಗಲ್ಲೂ 1996ರಲ್ಲಿ ತೇನಿಯೂ ಮಧುರೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಗಳಾದುವು. ಮಧುರೆ–ಬೋಡಿಯ ಸಣ್ಣ ಹಳಿಯ ರೈಲು 2010ರ ಕೊನೆಗೆ ನಿಂತು, ದೊಡ್ಡ ಹಳಿಯ ರೈಲು 2022ರ ಮೇ ತಿಂಗಳಲ್ಲಿ ತೇನಿಗೂ 2023ರ ಜೂನ್ ತಿಂಗಳಲ್ಲಿ ಬೋಡಿಗೂ ಬಂದಿತು. ಸುಮಾರು 90 ಕಿಲೋಮೀಟರಿನ ಆ ಕೆಲಸಕ್ಕೆ ಹನ್ನೆರಡು ವರ್ಷ ಹಿಡಿಯಿತು. ಅಷ್ಟು ವರ್ಷವೂ ಸರಕು ನಿಲ್ಲಲಿಲ್ಲ, ರಾತ್ರಿಯ ದಾರಿಯಲ್ಲಿಯೇ ಹೋಯಿತು. ಆಯುಧಪೂಜೆಯಂದು ಲಾರಿಯನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳವನ್ನೊಡೆದು, ಚಕ್ರದಡಿಯಲ್ಲಿ ನಿಂಬೆಹಣ್ಣಿಟ್ಟು ಮುಂದಕ್ಕೆ ಬಿಡುವ ಪದ್ಧತಿ ಅಲ್ಲಿಯೂ ಇಲ್ಲಿಯೂ ಒಂದೇ. ಆ ಒಂದು ದಿನ ಮಕ್ಕಳೆಲ್ಲ ಲಾರಿಯ ಮೇಲೇರಿ ಊರು ಸುತ್ತುವರು, ಅಪ್ಪನು ಪೇಟೆಯ ನಡುವೆ ಹಾರನ್ನು ಬಾರಿಸುತ್ತ ನಿಧಾನವಾಗಿ ನಡೆಸುವನು.

ಕಣ್ಣಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಲೈಸೆನ್ಸು ನವೀಕರಣವಾಗದಾಗ ಅವನ ದಾರಿ ಮುಗಿಯುತ್ತದೆ. ಒಂಟಿ ಲಾರಿಯವನಿಗೆ ಪಿಂಚಣಿಯಿಲ್ಲ. ಎಡಗಡೆಗಿಂತ ಬಿಸಿಲು ಬಡಿದ ಬಲಗೈ ಹೆಚ್ಚು ಕಪ್ಪಾಗಿರುತ್ತದೆ. ಸೊಂಟದ ನೋವು ಕೊನೆಯವರೆಗೆ ಬಿಡದು. ಅವನು ಜಗಲಿಯಲ್ಲಿ ಕುಳಿತು, ಜೀವಮಾನದಲ್ಲಿ ಮೊದಲ ಸಲ ಬೆಳಗಿನಿಂದ ಸಂಜೆಯವರೆಗೆ ಮನೆಮಾತಿನಲ್ಲಿಯೇ ಮಾತಾಡುತ್ತಾನೆ. ಮೊಮ್ಮಕ್ಕಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ರಾತ್ರಿ ಹೆದ್ದಾರಿಯಲ್ಲಿ ಲಾರಿಯೊಂದು ಗೇರು ಬದಲಿಸಿದರೆ, ಅದು ತುಂಬಿದ್ದೋ ಬರಿದೋ, ಹೊಸಬನ ಕೈಯೋ ಹಳಬನ ಕೈಯೋ ಎಂದು ಅವನು ಮಲಗಿದಲ್ಲಿಂದಲೇ ಹೇಳಬಲ್ಲನು.